ಅವ್ವ ಬಂದು ಕೂರುವಂಥ ಮನೆ

ಸಂತೇಬೆನ್ನೂರಿನಿಂದ ಬೆಂಗಳೂರಿಗೆ ಹೊರಡುವ ನಮ್ಮ ಕೇರಿಯ ಹುಡುಗ ಹುಡುಗಿಯರು ಈಗ ಹೆಚ್ಚಾಗಿದ್ದಾರೆ. ಡಿಗ್ರಿ ಮುಗಿಸಿದವರು, ಐಟಿಐ ಮಾಡಿದವರು, ನರ್ಸಿಂಗ್ ಕಲಿತವರು. ಹೊರಡುವ ಮುಂಚೆ, ಅಲ್ಲಿ ಇದ್ದು ಬಂದ ನಮ್ಮಂಥವರನ್ನು ಕೇಳುತ್ತಾರೆ: "ಬೆಂಗ್ಳೂರಾಗೆ ಯಾವ ಕಡೆ ಮನೆ ಮಾಡಿದ್ರೆ ಒಳ್ಳೇದು ಮಾಮಾ?" ಈ ಪ್ರಶ್ನೆಗೆ ಪೇಪರಿನವರ ಹತ್ತಿರ, ಬ್ರೋಕರುಗಳ ಹತ್ತಿರ ಸಿದ್ಧ ಉತ್ತರಗಳಿವೆ. ಕೆಲಸಕ್ಕೆ ಹತ್ತಿರ ಇರಲಿ, ಮೆಟ್ರೊ ಇರಲಿ, ಕಾವೇರಿ ನೀರು ಬರಲಿ, ಮಳೆ ಬಂದರೆ ಮನೆಯೊಳಗೆ ಮೋರಿ ನುಗ್ಗದಿರಲಿ. ಇವೆಲ್ಲ ನಿಜವಾದ ಲೆಕ್ಕಗಳೇ. ಆದರೆ ಇವು ಎಲ್ಲರ ಲೆಕ್ಕ. ನಮ್ಮ ಜನಕ್ಕೆ ಇವುಗಳ ಮೇಲೆ ಇನ್ನೊಂದು ಲೆಕ್ಕ ಇದೆ. ಅದನ್ನು ಯಾವ ಬ್ರೋಕರೂ ಬಾಯಿಬಿಟ್ಟು ಹೇಳುವುದಿಲ್ಲ. ಆದ್ದರಿಂದ ನಾವೇ ಹೇಳಿಕೊಳ್ಳಬೇಕಾಗಿದೆ.

ಊರಿನಲ್ಲಿ ಎಲ್ಲಿ ಇರಬೇಕು ಅನ್ನುವ ಪ್ರಶ್ನೆ ನಮಗೆ ಇರಲೇ ಇಲ್ಲ. ನಾವು ಹುಟ್ಟುವ ಮುಂಚೆಯೇ ಅದು ತೀರ್ಮಾನವಾಗಿತ್ತು. ಸಂತೇಬೆನ್ನೂರು ಅಂದರೆ ಹೊರಗಿನವರಿಗೆ ಪುಷ್ಕರಣಿ. ಅದನ್ನು ಕಟ್ಟಿಸಿದ್ದು ಪಾಳೇಗಾರ ಹನುಮಪ್ಪ ನಾಯಕ, ಎದುರಿನ ಮುಸಾಫಿರಖಾನೆ ಬಿಜಾಪುರದ ರಣದುಲ್ಲಾಖಾನನ ಕಾಲದ್ದು ಎಂದು ಮೇಷ್ಟ್ರು ಪಾಠ ಮಾಡುತ್ತಾರೆ. ಆ ಕಲ್ಲು ಹೊತ್ತವರು ಯಾರು, ಹೊತ್ತು ಮುಗಿದ ಮೇಲೆ ಸಂಜೆ ಯಾವ ದಿಕ್ಕಿಗೆ ನಡೆದು ಹೋದರು ಎಂದು ಯಾವ ಪಾಠದಲ್ಲೂ ಇಲ್ಲ. ನಮ್ಮದು ಮಾದಿಗರ ಕೇರಿ. ಊರವರು ತೋಟದ ಕೆಲಸಕ್ಕೆ ಕರೆಯಬೇಕಾದರೆ ಕೇರಿಯ ಬಾಯಿಗೆ ಬಂದು ನಿಂತು ಕೂಗುತ್ತಿದ್ದರು, ಒಳಗೆ ಕಾಲಿಡುತ್ತಿರಲಿಲ್ಲ. ಮನೆ ಎಲ್ಲಿದೆ ಅಂದರೆ ಸಾಕು, ಜಾತಿ ಯಾವುದು ಅಂತ ಬೇರೆ ಕೇಳಬೇಕಾಗಿರಲಿಲ್ಲ.

ಅಂಬೇಡ್ಕರ್ 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ನಿಂತು, ಹಳ್ಳಿಯನ್ನು ಹಾಡಿ ಹೊಗಳುವವರನ್ನು ತರಾಟೆಗೆ ತೆಗೆದುಕೊಂಡರು. ಹಳ್ಳಿ ಅಂದರೆ ಅವರಿಗೆ ಸಂಕುಚಿತತನದ, ಅಜ್ಞಾನದ, ಕೋಮುವಾದದ ತಾವು. ಹಾಗಾಗಿ ಓದಿದ ದಲಿತನ ಕಣ್ಣು ಪಟ್ಟಣದ ಕಡೆ ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ. ಪಟ್ಟಣದಲ್ಲಿ ಯಾರು ಯಾರೋ, ಯಾರಿಗೆ ಗೊತ್ತು ಅನ್ನುವುದೇ ನಮಗೆ ದೊಡ್ಡ ಆಸೆ.

ನಾನು ಆ ಆಸೆ ಇಟ್ಟುಕೊಂಡು ಬೆಂಗಳೂರಿಗೆ ಹೋದದ್ದು 1996ರಲ್ಲಿ, ಒಂದು ಇಲಾಖೆಯ ಗುಮಾಸ್ತನಾಗಿ. ಆಗ ನಮ್ಮ ಚನ್ನಗಿರಿ ತಾಲ್ಲೂಕು ಇನ್ನೂ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ದಾವಣಗೆರೆ ಜಿಲ್ಲೆ ಆದದ್ದು ಮಾರನೆಯ ವರ್ಷ. ಹೊರಡುವ ದಿನ ಅವ್ವ ಅಂದಿದ್ದು ಇಷ್ಟೇ: "ನಮ್ಮೋರು ಇರ ಕಡೆ ಇರಪ್ಪ. ಕಾಯಿಲೆ ಬಿದ್ರೆ ಒಂದ್ ಲೋಟ ಗಂಜಿ ಕೊಡೋರು ಬೇಕು." ನಮ್ಮವರು ಇದ್ದದ್ದು ಪೀಣ್ಯದ ಆಚೆ. ಗಾರೆ ಕೆಲಸ ಮಾಡುತ್ತಿದ್ದ ಮಾವನ ಹತ್ತಡಿ ಹತ್ತಡಿ ರೂಮಿನಲ್ಲಿ ಐದು ಜನ ಇದ್ದೆವು.

ಅಲ್ಲೇ ಯಾಕೆ ಅಂತ ಆಮೇಲೆ ಯೋಚಿಸಿದೆ. ನಮ್ಮ ಕಡೆಯ ಬಸ್ಸು ಚಿತ್ರದುರ್ಗ, ತುಮಕೂರು, ನೆಲಮಂಗಲ ದಾಟಿ ಆ ರಸ್ತೆಯಲ್ಲೇ ಊರೊಳಗೆ ಬರುತ್ತದೆ. ಫ್ಯಾಕ್ಟರಿ ಶೆಡ್ಡುಗಳು ಕಂಡ ಕಡೆ ನಮ್ಮವರು ಇಳಿದುಬಿಡುತ್ತಾರೆ. ಮಂಡ್ಯದವರು ಮೈಸೂರು ರಸ್ತೆಯಲ್ಲಿ, ತಮಿಳು ನಾಡಿನವರು ಹೊಸೂರು ರಸ್ತೆಯಲ್ಲಿ ಇಳಿದ ಹಾಗೆ. ಬಡವ ಬೆಂಗಳೂರಿನಲ್ಲಿ ಜಾಗ ಆರಿಸಿಕೊಳ್ಳುವುದಿಲ್ಲ. ಬಸ್ಸು ಇಳಿಸಿದ ಕಡೆ ಇಳಿಯುತ್ತಾನೆ, ಮೊದಲೇ ಬಂದವರ ಪಕ್ಕ ಚಾಪೆ ಹಾಸುತ್ತಾನೆ. ಕೆಲಸ ಊರ ನಡುವೆ, ಮನೆ ಊರ ಅಂಚಿಗೆ. ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ನೇತಾಡುವುದು ಕೂಡ ಬಾಡಿಗೆಯೇ. ಅದಕ್ಕೆ ರಶೀದಿ ಇಲ್ಲ ಅಷ್ಟೆ.

ಇನ್ನು, ಯಾರಿಗೂ ಯಾರೂ ಗೊತ್ತಿಲ್ಲದ ಊರು ಬೆಂಗಳೂರು ಅನ್ನುವುದು ಎಷ್ಟರ ಮಟ್ಟಿಗೆ ನಿಜ? ಹಳೆಯ ಪೇಟೆಯ ಬೀದಿಗಳ ಹೆಸರು ಓದಿ ನೋಡಿ: ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ತಿಗಳರಪೇಟೆ. ಕಸುಬಿಗೊಂದು ಬೀದಿ, ಜಾತಿಗೊಂದು ಬೀದಿ. 1809ರಲ್ಲಿ ಬ್ರಿಟಿಷರು ದಂಡು ಕಟ್ಟಿದರು. ದಂಡಿನ ದೊರೆಗಳ ಬಂಗಲೆ ಒಂದು ಕಡೆ, ಅವರ ಕುದುರೆ ತೊಳೆದವರ, ಕಕ್ಕಸು ಬಳಿದವರ ಗುಡಿಸಲು ಇನ್ನೊಂದು ಕಡೆ. 1898ರಲ್ಲಿ ಪ್ಲೇಗು ಬಂತು. ಇಕ್ಕಟ್ಟಾದ ಪೇಟೆ ಬಿಟ್ಟು ಗಾಳಿ ಬೆಳಕು ಇರುವ ಕಡೆ ಹೋಗಲಿ ಅಂತ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದವು. ಆ ಹೊಸ ಬಡಾವಣೆಗಳಲ್ಲೂ ನಿವೇಶನಗಳನ್ನು ಜಾತಿ, ಸಮುದಾಯ ನೋಡಿಯೇ ವಿಂಗಡಿಸಿದರು. ಇಲಿಗೆ ಜಾತಿ ಇರಲಿಲ್ಲ, ಪ್ಲೇಗಿಗೆ ಜಾತಿ ಇರಲಿಲ್ಲ, ಪ್ಲೇಗಿನಿಂದ ಓಡಿದವರ ನಕ್ಷೆಗೆ ಜಾತಿ ಇತ್ತು. ಇವತ್ತು ಆ ಊರು ನೂರಾರು ಹಳ್ಳಿ ನುಂಗಿ ಬೆಳೆದಿದೆ. 2011ರ ಜನಗಣತಿಯ ಹೊತ್ತಿಗೇ ಪಾಲಿಕೆಯ ವ್ಯಾಪ್ತಿಯಲ್ಲಿ 84 ಲಕ್ಷ ಜನ ಇದ್ದರು. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಐದಾದವು. ನುಂಗಿದ ಹಳ್ಳಿಗಳ ಜೊತೆ ಅವುಗಳ ಕೇರಿಗಳೂ ಹೊಟ್ಟೆಯೊಳಗೆ ಸೇರಿವೆ. ಗಾಜಿನ ಕಟ್ಟಡಗಳ ಹಿಂದೆ ಹೋಗಿ ನೋಡಿದರೆ ಆ ಕೇರಿ ಇನ್ನೂ ಕೇರಿಯಾಗಿಯೇ ಕಾಣುತ್ತದೆ.

ಮದುವೆಯಾದ ಮೇಲೆ ನಾನು ಆಫೀಸಿಗೆ ಹತ್ತಿರ ಮನೆ ಹುಡುಕಲು ಶುರು ಮಾಡಿದೆ. ಭಾನುವಾರ ಬಂದರೆ 'ಮನೆ ಬಾಡಿಗೆಗೆ ಇದೆ' ಬೋರ್ಡು ನೋಡಿಕೊಂಡು ಬೀದಿ ಬೀದಿ ಅಲೆಯುವುದು. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸು ಕೊಡಬೇಕು. ಅಪ್ಪನ ಕಾಲದ ಆಸ್ತಿ ಇಲ್ಲದವನಿಗೆ ಅದೇ ಮೊದಲನೇ ಬೇಲಿ. ಆ ಬೇಲಿ ಸಾಲ ಮಾಡಿ ಹಾರಬಹುದು. ಎರಡನೇ ಬೇಲಿ ಬೇರೆ ಥರದ್ದು.

"ಯಾವೂರು ನಿಮ್ದು?"

"ಸಂತೇಬೆನ್ನೂರು ಸಾರ್. ಚನ್ನಗಿರಿ ತಾಲ್ಲೂಕು."

"ಓ, ಆ ಕಡೆಯೋರಾ! ಹಂಗಾದ್ರೆ ಲಿಂಗಾಯತ್ರಾ?"

"ಅಲ್ಲ ಸಾರ್."

"ಮತ್ತೆ?"

ಈ 'ಮತ್ತೆ?' ಇದೆಯಲ್ಲ, ಅದು ಎರಡೇ ಅಕ್ಷರ. ನಾನು ಜಾತಿ ಹೇಳುತ್ತಿದ್ದೆ. ಆ ಕ್ಷಣದಿಂದ ಆ ಮನುಷ್ಯ ನನ್ನ ಮುಖ ಬಿಟ್ಟು ಗೇಟು ನೋಡುತ್ತಿದ್ದ. ಯಾರೂ ಬಯ್ಯಲಿಲ್ಲ. "ನಮ್ಗೇನೂ ಜಾತಿಗೀತಿ ಇಲ್ಲಪ್ಪ. ಮನೇಲಿ ವಯಸ್ಸಾದೋರಿದ್ದಾರೆ, ಅವ್ರು ಒಪ್ಪಲ್ಲ" ಅನ್ನುವರು. ಬೆಂಗಳೂರಿನ ಜಾತಿ ಯಾವಾಗಲೂ ಒಳಗಿನ ಕೋಣೆಯ ಮುದುಕಿಯ ತಲೆಯ ಮೇಲಿರುತ್ತದೆ. ಬಾಗಿಲಲ್ಲಿ ನಿಂತವರೆಲ್ಲ ಒಳ್ಳೆಯವರೇ. ಇನ್ನು ಕೆಲವರು "ನಿನ್ನೆ ತಾನೇ ಅಡ್ವಾನ್ಸ್ ಆಯ್ತು" ಅನ್ನುವರು. ಮುಂದಿನ ಭಾನುವಾರವೂ ಬೋರ್ಡು ಅಲ್ಲೇ ನೇತಾಡುತ್ತಿತ್ತು. ಮುಸ್ಲಿಂ ಗೆಳೆಯರಿಗೆ ಇಷ್ಟು ಮಾತೂ ಸಿಗುವುದಿಲ್ಲ, ಹೆಸರು ಕೇಳಿದ ಕೂಡಲೇ ಬಾಗಿಲು. ದಿಲ್ಲಿಯ ಸುತ್ತಮುತ್ತ ಸಂಶೋಧಕರು ಬೇರೆ ಬೇರೆ ಜಾತಿ ಧರ್ಮದ ಹೆಸರಿನಲ್ಲಿ ಬಾಡಿಗೆ ಮನೆ ಕೇಳಿ ನೋಡಿ, 2015ರಲ್ಲಿ ಪ್ರಕಟಿಸಿದ ವರದಿಯೂ ಇದನ್ನೇ ಹೇಳಿತು.

ನನ್ನ ಜೊತೆಯ ಗುಮಾಸ್ತ, ನಮ್ಮವನೇ, ಇನ್ನೊಂದು ದಾರಿ ಹಿಡಿದ. 'ಮತ್ತೆ?' ಅಂದಾಗ ಬೇರೆ ಜಾತಿ ಹೇಳಿದ. ಒಳ್ಳೆಯ ಬಡಾವಣೆಯಲ್ಲಿ ಒಳ್ಳೆಯ ಮನೆ ಸಿಕ್ಕಿತು. ಬಸ್‌ಸ್ಟಾಪು ಹತ್ತಿರ, ನೀರು ಸಮೃದ್ಧಿ. ಆಮೇಲೆ ನೋಡಿ ಆ ಮನೆಯ ಬಾಡಿಗೆ ಹೇಗೆ ಏರುತ್ತಾ ಹೋಯಿತು. ಅಂಬೇಡ್ಕರ್ ಫೋಟೊ ಟ್ರಂಕಿನೊಳಗೆ ಹೋಯಿತು. ಮಾಂಸ ಮಾಡಬೇಕಾದರೆ ಕಿಟಕಿ ಮುಚ್ಚಿ, ಊದಿನಕಡ್ಡಿ ಹಚ್ಚಿದರು. ಊರಿಂದ ನೆಂಟರು ಬಂದರೆ ಮೆಜೆಸ್ಟಿಕ್ಕಿನಲ್ಲೇ ಊಟ ಹಾಕಿಸಿ ಕಳಿಸಿದ. ಏಳು ವರ್ಷದ ಮಗಳಿಗೆ ಗಂಡ ಹೆಂಡತಿ ಕೂತು ಸುಳ್ಳು ಜಾತಿ ಬಾಯಿಪಾಠ ಮಾಡಿಸಿದರು. ಕೊನೆಗೆ ಅವನ ತಾಯಿಗೆ ಹುಷಾರಿಲ್ಲದಾಗ ಆ ಮುದುಕಿಯನ್ನು ಮನೆಗೆ ತರಲಾಗದೆ ತಂಗಿಯ ಮನೆಯಲ್ಲಿ ಬಿಟ್ಟ. ಆಕೆಯ ಮಾತು, ಆಕೆ ಸೀರೆ ಉಡುವ ರೀತಿ, ಎಲ್ಲ ಹೇಳಿಬಿಡುತ್ತವೆ ಅನ್ನುವ ಭಯ. ನಾನು ಅವನನ್ನು ಬಯ್ಯುವುದಿಲ್ಲ. ತಾಯಿಯನ್ನು ಹೊರಗಿಟ್ಟು ಒಳಗೆ ಬಾ ಅಂದ ಊರನ್ನು ಬಯ್ಯುತ್ತೇನೆ.

ಇದು ಹೊಸದಲ್ಲ. ಅಮೆರಿಕದಲ್ಲಿ, ಲಂಡನ್ನಿನಲ್ಲಿ ಓದಿ ಬಂದ ಅಂಬೇಡ್ಕರ್ 1917ರಲ್ಲಿ ಬರೋಡ ಸಂಸ್ಥಾನದ ಕೆಲಸಕ್ಕೆ ಹೋದಾಗ ಅವರಿಗೆ ಮನೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರಿನಲ್ಲಿ ಇದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ನಿಂತರು. ಗೆಳೆಯರ ಮನೆಗಳಲ್ಲೂ ಜಾಗವಾಗದೆ, ಒಂದು ತೋಟದಲ್ಲಿ ಕೂತು ಹೊತ್ತು ಕಳೆದು ರಾತ್ರಿ ರೈಲಿಗೆ ಬೊಂಬಾಯಿಗೆ ವಾಪಸಾದರು. ಅವರ ಕೈಯಲ್ಲಿ ಕೆಲಸ ಇತ್ತು, ತಲೆಯಲ್ಲಿ ವಿದ್ಯೆ ಇತ್ತು, ತಲೆ ಇಡಲು ಜಾಗ ಇರಲಿಲ್ಲ. ಕೆಲಸ ಸಿಕ್ಕರೆ ಎಲ್ಲ ಸಿಕ್ಕಿತು ಅಂದುಕೊಂಡ ನಮ್ಮ ಹುಡುಗರು ಈ ಕಥೆಯನ್ನು ಮತ್ತೆ ಮತ್ತೆ ಓದಬೇಕು.

ಕಾನೂನು ಇಲ್ಲವೇ ಅಂದರೆ, ಇದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ, 1976ರ ತಿದ್ದುಪಡಿಯ ನಂತರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ. ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟುವುದಕ್ಕೆ, ಕೊಳ್ಳುವುದಕ್ಕೆ, ವಾಸ ಮಾಡುವುದಕ್ಕೆ ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿ ಮಾಡುವುದು ಅದರ ಪ್ರಕಾರ ಅಪರಾಧ. ಆದರೆ ಒಳಗಿನ ಮುದುಕಿಯ ಮೇಲೆ ಯಾರು ದೂರು ಕೊಡುತ್ತಾರೆ? 'ಅಡ್ವಾನ್ಸ್ ಆಯ್ತು' ಅನ್ನುವ ಮಾತಿಗೆ ಸಾಕ್ಷಿ ಎಲ್ಲಿ? 'ಸಸ್ಯಾಹಾರಿಗಳಿಗೆ ಮಾತ್ರ' ಅನ್ನುವ ಬೋರ್ಡಿನಲ್ಲಿ ಜಾತಿಯ ಹೆಸರೇ ಇಲ್ಲವಲ್ಲ. 2005ರಲ್ಲಿ ಸುಪ್ರೀಂ ಕೋರ್ಟು, ಪಾರ್ಸಿಗಳ ಗೃಹನಿರ್ಮಾಣ ಸಹಕಾರ ಸಂಘವೊಂದು ತನ್ನ ಜನಕ್ಕೆ ಮಾತ್ರ ಸದಸ್ಯತ್ವ ಕೊಡಬಹುದು ಎಂದು ತೀರ್ಪು ಕೊಟ್ಟಿತು. ಉಳ್ಳವರು ತಮ್ಮ ಸುತ್ತ ತಾವೇ ಗೋಡೆ ಕಟ್ಟಿಕೊಂಡರೆ ಅದು ಸಂಘ ಕಟ್ಟುವ ಸ್ವಾತಂತ್ರ್ಯ. ನಮ್ಮ ಸುತ್ತ ಅವರೇ ಕಟ್ಟಿದ ಗೋಡೆಗೆ ಮಾತ್ರ ಕೇರಿ ಅಂತ ಹೆಸರು.

ನನಗೆ ಬೆಂಗಳೂರಿನಲ್ಲಿ 'ಮತ್ತೆ?' ಅನ್ನದ ಮನೆ ಒಂದೇ ಒಂದು ಸಿಕ್ಕಿದ್ದು. ಅದು ಸರ್ಕಾರಿ ಕ್ವಾರ್ಟರ್ಸು. ಅಲ್ಲಿ ಕೇಳಿದ್ದು ಎರಡೇ: ಸಂಬಳ ಎಷ್ಟು, ಸರ್ವೀಸ್ ಎಷ್ಟು ವರ್ಷ. ಸರದಿ ಬಂತು, ಬೀಗದ ಕೈ ಕೊಟ್ಟರು. ಅವ್ವ ಬಂದಳು. ಚನ್ನಗಿರಿ ಸೀಮೆಯ ಅಡಿಕೆ ಸುಲಿದು ಸುಲಿದು ಕಪ್ಪಾದ ಅವಳ ಬೆರಳುಗಳನ್ನು ಮುಚ್ಚಿಡುವ ಗರಜು ಬೀಳಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡು, ಎದುರು ಮನೆಯವರ ಜೊತೆ ನಮ್ಮ ಕಡೆಯ ಮಾತಲ್ಲೇ ಜೋರಾಗಿ ಮಾತಾಡಿದಳು. ಕ್ವಾರ್ಟರ್ಸಿನಲ್ಲಿ ಜಾತಿ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಹಬ್ಬದ ದಿನ ಯಾರ ತಟ್ಟೆ ಯಾರ ಮನೆಗೆ ಹೋಗುತ್ತದೆ ಅನ್ನುವುದರಲ್ಲಿ ಅದು ಇತ್ತು. ಆದರೆ ಬೀಗದ ಕೈ ಜಾತಿಯ ಕೈಯಲ್ಲಿ ಇರಲಿಲ್ಲ. ವ್ಯತ್ಯಾಸ ಇರುವುದು ಅಲ್ಲಿ.

ಗೆಳೆಯರೆ, ಈ ಒಂದು ಮಾತನ್ನು ನಾವು ಸರಿಯಾಗಿ ಗಮನಿಸಿಲ್ಲ. ಬೆಂಗಳೂರಿನಲ್ಲಿ 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಅವು ಬರೀ ಕೆಲಸ ಕೊಡಲಿಲ್ಲ, ಕಾಲೊನಿಗಳನ್ನೂ ಕಟ್ಟಿದವು. ಮೀಸಲಾತಿಯಲ್ಲಿ ಸೇರಿದ ನಮ್ಮವನಿಗೆ ಅಲ್ಲಿ ಕ್ವಾರ್ಟರ್ಸು ಸಿಕ್ಕಿದರೆ ಗ್ರೇಡಿನ ಮೇಲೆ ಸಿಗುತ್ತಿತ್ತು. ಮಕ್ಕಳು ಒಂದೇ ಶಾಲೆಗೆ, ಒಂದೇ ಮೈದಾನಕ್ಕೆ ಹೋಗುತ್ತಿದ್ದವು. ಆ ಎಚ್‌ಎಂಟಿ ವಾಚು 2016ರಲ್ಲಿ ನಿಂತೇ ಹೋಯಿತು. ಸರ್ಕಾರಿ ಕಾರ್ಖಾನೆ ಬಾಗಿಲು ಹಾಕಿದಾಗ ನಾವು ಮೀಸಲಾತಿ ಹೋಯಿತು ಅಂತ ಅತ್ತೆವು. ಜಾತಿ ಕೇಳದ ಮನೆಯೂ ಅದರ ಜೊತೆ ಹೋಯಿತು ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಇವತ್ತಿನ ಕಂಪನಿ ಕೆಲಸ ಕೊಡುತ್ತದೆ, ಮನೆಯನ್ನು ನೀನೇ ಹುಡುಕಿಕೋ ಅನ್ನುತ್ತದೆ. ಅಂದರೆ ಆ ಗೇಟಿನ ಮುಂದೆ ಹೋಗಿ ನಿಂತುಕೋ ಅಂತ.

ಬಡವರಿಗೆ ಅಂತ ಕಟ್ಟಿದ ಸರ್ಕಾರಿ ಮನೆಗಳ ಗತಿಯೂ ಗೊತ್ತಿದೆ. ಈಜೀಪುರದಲ್ಲಿ ಪಾಲಿಕೆ ಕಟ್ಟಿದ ಬಡವರ ಕ್ವಾರ್ಟರ್ಸು 2007ರಲ್ಲಿ ಒಂದು ಭಾಗ ಕುಸಿಯಿತು. ಅಲ್ಲೇ ತಗಡಿನ ಶೆಡ್ಡಿನಲ್ಲಿ ಉಳಿದವರನ್ನು 2013ರ ಜನವರಿಯ ಚಳಿಯಲ್ಲಿ ಬುಲ್ಡೋಜರ್ ತಂದು ಎಬ್ಬಿಸಿದರು. 1,500ರಷ್ಟು ಕುಟುಂಬ. ಅವರಲ್ಲಿ ಹೆಚ್ಚಿನವರು ದಲಿತರು. ಪಕ್ಕದಲ್ಲೇ ಕೋರಮಂಗಲ. ಅಲ್ಲಿನ ಪಾತ್ರೆ ತೊಳೆಯುವವರು, ಕಸ ಎತ್ತುವವರು ಇವರೇ. ಇವರ ಕೈ ಬೇಕು, ಇವರ ಮನೆ ಬೇಡ.

ಹಾಗಾದರೆ ಹೊರಡುವ ಹುಡುಗ ಹುಡುಗಿಯರಿಗೆ ಹೇಳುವುದೇನು? ಬಸ್ಸು ನೋಡಿ, ನೀರು ನೋಡಿ, ಬೇಡ ಅನ್ನುವುದಿಲ್ಲ. ದಿನಕ್ಕೆ ಎಷ್ಟು ಗಂಟೆ ರಸ್ತೆಗೆ ಹೋಗುತ್ತದೆ ಅಂತ ಬಾಡಿಗೆಗೆ ಸೇರಿಸಿ ಲೆಕ್ಕ ಹಾಕಿ. ಮೊದಲ ವರ್ಷ ನಮ್ಮವರ ನಡುವೆ ಇರಿ, ಅದರಲ್ಲಿ ನಾಚಿಕೆ ಇಲ್ಲ. ಕಾಯಿಲೆ ಬಿದ್ದಾಗ ಗಂಜಿ ಕೊಡುವವರೂ ಅವರೇ, ಅಡ್ವಾನ್ಸಿಗೆ ಕೈಸಾಲ ಕೊಡುವವರೂ ಅವರೇ. ಆದರೆ ಅಲ್ಲೇ ಉಳಿಯಬೇಕು ಅನ್ನುವುದು ನಮ್ಮ ಹಣೆಬರಹ ಅಲ್ಲ. ಎಲ್ಲ ಬಡಾವಣೆಗೂ ಹೋಗಿ ಕೇಳಿ. 'ಮತ್ತೆ?' ಅಂದಾಗ "ಅದ್ನ ಯಾಕೆ ಕೇಳ್ತೀರಾ ಸಾರ್, ಬಾಡಿಗೆ ಕೊಡ್ತೀನೋ ಇಲ್ವೋ ಅದ್ನ ಕೇಳಿ" ಅನ್ನಿ. ಎರಡು ಮೂರು ಜನ ಒಟ್ಟಿಗೆ ಹೋಗಿ, ನಡೆದದ್ದನ್ನು ತಾರೀಖು ಸಮೇತ ಬರೆದಿಡಿ. ಮನೆ ನೋಡುವಾಗ ಹೊಸ್ತಿಲ ಮೇಲೆ ನಿಂತು ಒಂದು ಮಾತು ನಿಮ್ಮನ್ನೇ ಕೇಳಿಕೊಳ್ಳಿ: ಅವ್ವ ಬಂದರೆ ಇಲ್ಲಿ ಕೂರಬಹುದಾ?

2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೀಟು ಇಲ್ಲ. ಅವ್ವಂದಿರು ಬರುವ ದಾರಿ ತೆರೆದಿದೆ. ಬಾಗಿಲು ತೆರೆಸುವುದು ಒಬ್ಬೊಬ್ಬರಿಂದ ಆಗುವ ಕೆಲಸವಲ್ಲ. ಭೂಮಿಗೆ ಹೋರಾಡಿದ, ಹಾಸ್ಟೆಲ್ಲಿಗೆ ಹೋರಾಡಿದ ಸಂಘಟನೆಗಳು ಇನ್ನು ಬಾಡಿಗೆ ಮನೆಗೂ ಹೋರಾಡಬೇಕು. ನಗರದ ನಡುವೆ, ಕೆಲಸದ ಹತ್ತಿರ, ಸರದಿಯ ಮೇಲೆ ಸಿಗುವ ಸರ್ಕಾರಿ ಬಾಡಿಗೆ ಮನೆಗಳು ಬೇಕು. ಜಾತಿ ಕೇಳಿ ಮನೆ ಇಲ್ಲ ಅಂದವರಿಗೆ ಶಿಕ್ಷೆಯಾಗುವ, ಸಾಕ್ಷಿಯ ಹೊರೆಯನ್ನು ನಮ್ಮ ತಲೆಯಿಂದ ಇಳಿಸುವ ಕಾಯಿದೆ ಬೇಕು. ಆ ಊರನ್ನು ಕಟ್ಟಿದ ಇಟ್ಟಿಗೆಗಳಲ್ಲಿ ನಮ್ಮ ಮಾವಂದಿರು ಹೊತ್ತವು ಎಷ್ಟೋ ಇವೆ. ಅದರಲ್ಲಿ ಒಂದು ಮನೆ ಕೇಳುವುದು ದಯೆ ಕೇಳಿದಂತೆ ಅಲ್ಲ, ಕೂಲಿಯ ಬಾಕಿ ಕೇಳಿದಂತೆ.