ಚಿತ್ರದ ಪಕ್ಕದಲ್ಲೊಂದು ಅಳತೆಪಟ್ಟಿ

ಮಲ್ಲಿಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಹಳೆಯ ಹಜಾರದ ಮನೆಗಳು ಎಲ್ಲಿ ಉಳಿದಿವೆಯೋ ಅಲ್ಲಿ ಗೋಡೆಯ ಮೇಲೊಂದು ಸಾಲು ಫೋಟೋ ಇರುತ್ತದೆ. ಅಜ್ಜ ಅಜ್ಜಿ, ಮದುವೆಯ ಗುಂಪು, ತೀರಿಕೊಂಡ ಮಗು. ಕೊಂಚ ನಿಂತು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಒಂದೇ ಕಾಲದ ಎರಡು ಚಿತ್ರಗಳಲ್ಲಿ ಒಂದು ಇಂದಿಗೂ ಅಚ್ಚುಕಟ್ಟಾಗಿ ಕಪ್ಪು ಬಿಳುಪಾಗಿಯೇ ಉಳಿದಿರುತ್ತದೆ. ಇನ್ನೊಂದು ಚಹಾದ ಬಣ್ಣಕ್ಕೆ ತಿರುಗಿ, ಮುಖ ಯಾರದೆಂದು ಮನೆಯವರೇ ಹೇಳಬೇಕಾಗುತ್ತದೆ. ‘ಆ ಕಾಲದ ಕಾಗದವೇ ಹಾಗೆ’ ಎಂದು ಸುಮ್ಮನಾಗುವವರು ಹೆಚ್ಚು. ಎಷ್ಟೋ ಸಲ ಕಾರಣ ಕಾಗದವಲ್ಲ, ನೀರು. ಚಿತ್ರವನ್ನು ಕೊನೆಯಲ್ಲಿ ಸಾಕಷ್ಟು ತೊಳೆದಿರುವುದಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಫಿಲ್ಮಿನ ಮೇಲೂ ಫೋಟೋ ಕಾಗದದ ಮೇಲೂ ಇರುವುದು ಜೆಲಟಿನ್ ಲೇಪ, ಅದರೊಳಗೆ ಬೆಳ್ಳಿಯ ಲವಣದ ಸಣ್ಣ ಹರಳುಗಳು. ಬೆಳಕು ಬಿದ್ದ ಹರಳುಗಳನ್ನು ಡೆವಲಪರ್ ದ್ರಾವಣ ಕಪ್ಪು ಬೆಳ್ಳಿಯನ್ನಾಗಿಸುತ್ತದೆ. ಬೆಳಕು ಬೀಳದ ಹರಳುಗಳನ್ನು ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್, ಕರಗಿಸಿ ತೆಗೆಯುತ್ತದೆ. ಹೈಪೋಗೆ ಈ ಗುಣವಿದೆಯೆಂದು ಜಾನ್ ಹರ್ಷೆಲ್ 1819ರಲ್ಲಿಯೇ ಕಂಡುಕೊಂಡಿದ್ದ. ಛಾಯಾಗ್ರಹಣ ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲೇ! ಆದರೆ ಕೆಲಸ ಮುಗಿದ ಮೇಲೆ ಹೈಪೋವನ್ನೂ ತೊಳೆದು ಕಳುಹಿಸಬೇಕು. ಉಳಿದುಕೊಂಡರೆ ಅದು ವರ್ಷಗಳ ಕಾಲ ನಿಧಾನವಾಗಿ ಒಡೆದು, ಅದರ ಗಂಧಕ ಚಿತ್ರದ ಬೆಳ್ಳಿಯನ್ನು ಹಳದಿ ಕಂದು ಬಣ್ಣದ ಸಲ್ಫೈಡ್ ಆಗಿ ಮಾರ್ಪಡಿಸುತ್ತದೆ. ಅಜ್ಜಿಯ ಮುಖ ಅಳಿಸಿದ್ದು ಹೀಗೆ.

ಇದನ್ನು ಅಂದೇ ತಿಳಿಯಬಹುದಿತ್ತು. ತೊಳೆದ ಕಾಗದದ ಬಿಳಿಯ ಅಂಚಿಗೆ ಅಸಿಟಿಕ್ ಆಮ್ಲ ಬೆರೆಸಿದ ಸಿಲ್ವರ್ ನೈಟ್ರೇಟಿನ ಒಂದು ತೊಟ್ಟು ಹಾಕಿ ಎರಡು ಮೂರು ನಿಮಿಷ ಬಿಟ್ಟರೆ ಸಾಕು. ಕಂದು ಕಲೆ ಮೂಡಿದರೆ ಹೈಪೋ ಇನ್ನೂ ಇದೆ, ಮತ್ತೆ ತೊಳೆಯಬೇಕು. ಸಿಲ್ವರ್ ನೈಟ್ರೇಟ್ ಪ್ರೌಢಶಾಲೆಗೆ ಅಪರಿಚಿತ ವಸ್ತುವಲ್ಲ; ಕ್ಲೋರೈಡ್ ಪರೀಕ್ಷೆಗೆ ಬೇಕಾದ ಅದೇ ಕಂದು ಸೀಸೆ. (ಕೈಗೆ ತಗುಲಿದರೆ ಕಪ್ಪು ಕಲೆ ದಿನಗಟ್ಟಲೆ ಹೋಗದು, ಕಣ್ಣಿಗಂತೂ ಅಪಾಯ. ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬಾರದು.)

ಹೋಬಳಿ ಮಟ್ಟದ ಒಂದು ಶಾಲೆ ಫಿಲ್ಮನ್ನೂ ಚಿತ್ರವನ್ನೂ ಅಳೆದು ನೋಡುವ ಪ್ರಯೋಗಾಲಯ ಕಟ್ಟಿಕೊಳ್ಳಬಹುದೇ ಎಂಬ ಪ್ರಶ್ನೆಗೆ ಈ ಒಂದು ತೊಟ್ಟೇ ಅರ್ಧ ಉತ್ತರ. ಉಳಿದರ್ಧಕ್ಕೆ ಕೆಲವು ಸಲಕರಣೆ ಬೇಕು, ಬಹಳ ತಾಳ್ಮೆ ಬೇಕು.

ಚಿತ್ರದ ಗುಣವನ್ನು ಅಳೆಯಬಹುದೆಂದು ಮೊದಲು ಹಟ ಹಿಡಿದವರು ಕಲಾವಿದರಲ್ಲ. ಇಂಗ್ಲೆಂಡಿನ ವಿಡ್ನೆಸ್ ಎಂಬ ಕಾರ್ಖಾನೆ ಊರಿನ ಇಬ್ಬರು ಉದ್ಯೋಗಿಗಳು, ಹರ್ಟರ್ ಮತ್ತು ಡ್ರಿಫೀಲ್ಡ್. ಹರ್ಟರ್ ಸ್ವಿಟ್ಜರ್ಲೆಂಡ್ ಮೂಲದ ರಸಾಯನಶಾಸ್ತ್ರಜ್ಞ, ಡ್ರಿಫೀಲ್ಡ್ ಹವ್ಯಾಸಿ ಫೋಟೋಗ್ರಾಫರ್. 1890ರಲ್ಲಿ ಅವರು ಪ್ರಕಟಿಸಿದ ಲೇಖನದ ಸಾರ ಇಷ್ಟು: ಫಲಕದ ಮೇಲೆ ಬಿದ್ದ ಬೆಳಕಿನ ಲಾಗರಿದಮ್ ಒಂದು ಕಡೆ, ಅದರಿಂದಾದ ಕಪ್ಪಿನ ಸಾಂದ್ರತೆ ಇನ್ನೊಂದು ಕಡೆ ಇಟ್ಟು ನಕ್ಷೆ ಬರೆದರೆ ಓರೆಯಾದ ಇಂಗ್ಲಿಷ್ ‘ಎಸ್’ನಂಥ ರೇಖೆ ಬರುತ್ತದೆ. ಕೆಳಗೆ ಪಾದ, ನಡುವೆ ನೇರ ಭಾಗ, ಮೇಲೆ ಭುಜ. ನೇರ ಭಾಗದ ಇಳಿಜಾರನ್ನು ಗಾಮಾ ಎನ್ನುತ್ತಾರೆ; ಅದು ಹೆಚ್ಚಿದಷ್ಟೂ ಚಿತ್ರದಲ್ಲಿ ಕಪ್ಪು ಬಿಳುಪಿನ ಅಂತರ ಹೆಚ್ಚು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ 1940ರ ದಶಕದಲ್ಲಿ ಓದಿದ ಮೈಸೂರಿನ ವಿ.ಕೆ. ಮೂರ್ತಿಯವರು ‘ಕಾಗಜ್ ಕೆ ಫೂಲ್’ (1959) ಚಿತ್ರದಲ್ಲಿ ಬೆಳಕಿನ ಕಂಬವನ್ನೇ ಇಳಿಸಿದ್ದನ್ನು ಎಲ್ಲರೂ ಹೊಗಳುತ್ತಾರೆ. ಅಂಥ ಕೆಲಸ ಬರಿಯ ಕಣ್ಣಿನ ರುಚಿಯಿಂದ ಆಗುವಂಥದ್ದಲ್ಲ. ಕೈಯಲ್ಲಿರುವ ಫಿಲ್ಮು ಎಷ್ಟು ಕತ್ತಲೆಯನ್ನು, ಎಷ್ಟು ಬೆಳಕನ್ನು ತಾಳುತ್ತದೆಂದು ಗೊತ್ತಿರಬೇಕು.

ಇನ್ನು ಸಲಕರಣೆಗಳ ವಿಚಾರ. ಮೊದಲನೆಯದು ಕತ್ತಲೆ ಕೋಣೆ. ಕಿಟಕಿಗೆ ಕಪ್ಪು ಬಟ್ಟೆ ಹೊಡೆದ ಉಗ್ರಾಣವೂ ಆದೀತು. ಕೋಣೆ ನಿಜವಾಗಿ ಕತ್ತಲೆಯೇ ಎಂದು ತಿಳಿಯಲು ಬಾಗಿಲು ಹಾಕಿ ಹತ್ತು ನಿಮಿಷ ಸುಮ್ಮನೆ ಕೂರಬೇಕು. ಆಗಲೇ ಬಾಗಿಲಿನ ಸಂದು, ಹೆಂಚಿನ ಬಿರುಕು ಒಂದೊಂದಾಗಿ ಕಣ್ಣಿಗೆ ಬೀಳುವುದು. ಸಾಮಾನ್ಯ ಕಪ್ಪು ಬಿಳುಪು ಫಿಲ್ಮಿಗೆ ಕೆಂಪು ದೀಪವೂ ಸಲ್ಲದು. ಆದ್ದರಿಂದ ಮಕ್ಕಳು ಮೊದಲು ಕೆಂಪು ಬೆಳಕಿಗೆ ಕೆಡದ ಫೋಟೋ ಕಾಗದದ ಮೇಲೆ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು.

ಎರಡನೆಯದು ಉಷ್ಣಮಾಪಕ. ಡೆವಲಪರ್ ದ್ರಾವಣಕ್ಕೆ ರೂಢಿಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಆ ಉಷ್ಣತೆಯಲ್ಲಿ ಎಂಟು ನಿಮಿಷದ ಕೆಲಸ 24 ಡಿಗ್ರಿಯಲ್ಲಿ ಸುಮಾರು ಆರು ನಿಮಿಷಕ್ಕೆ ಮುಗಿದುಹೋಗುತ್ತದೆ. ಬೇಸಿಗೆಯಲ್ಲಿ ತೊಟ್ಟಿಯ ನೀರು ಇದಕ್ಕಿಂತ ಬಹಳ ಮೇಲಿರುತ್ತದೆ. ದ್ರಾವಣದ ಪಾತ್ರೆಯನ್ನು ಐಸು ಹಾಕಿದ ಬೋಗುಣಿಯಲ್ಲಿ ಇಡಬೇಕು. ‘ಒಂದೆರಡು ಡಿಗ್ರಿಗೆ ಏನಾದೀತು’ ಎಂದು ಪಟ್ಟಣದ ಮಕ್ಕಳು ಕೇಳಬಹುದು. ಅರಕಲಗೂಡು ತಾಲ್ಲೂಕಿನ ಮಕ್ಕಳು ಕೇಳಲಾರರು. ತಂಬಾಕು ಹದ ಮಾಡುವ ಬ್ಯಾರನ್ನಿನ ಮುಂದೆ ರಾತ್ರಿಯೆಲ್ಲ ನಿದ್ದೆಗೆಟ್ಟು ಉಷ್ಣಮಾಪಕ ನೋಡುವ ಅಪ್ಪಂದಿರನ್ನು ಅವರು ಕಂಡಿದ್ದಾರೆ. ಎಲೆ ಹಳದಿಯಾಗುವ ಘಟ್ಟದಲ್ಲಿ ಬೆಂಕಿ ಏರಿದರೆ ಬಣ್ಣ ಕೆಟ್ಟು ಹರಾಜಿನಲ್ಲಿ ದರ್ಜೆ ಬೀಳುತ್ತದೆಂದು ಆ ಮನೆಗಳಲ್ಲಿ ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ.

ಮೂರನೆಯದೇ ಈ ಪ್ರಯೋಗಾಲಯದ ಜೀವ: ಕಪ್ಪನ್ನು ಅಳೆಯುವ ಉಪಕರಣ, ಡೆನ್ಸಿಟೋಮೀಟರ್. ಹೆಸರು ದೊಡ್ಡದು, ತತ್ತ್ವ ಸಣ್ಣದು. ಫಿಲ್ಮಿನ ಹಿಂದೆ ಬೆಳಕು ಇಟ್ಟು, ಎಷ್ಟು ಪಾಲು ದಾಟಿ ಬಂತೆಂದು ನೋಡುವುದು. ಹತ್ತರಲ್ಲಿ ಒಂದು ಪಾಲು ದಾಟಿದರೆ ಸಾಂದ್ರತೆ 1. ನೂರರಲ್ಲಿ ಒಂದು ಪಾಲಾದರೆ 2. ಅರ್ಧ ದಾಟಿದರೆ ಸುಮಾರು 0.3. ಪಿಯುಸಿಯಲ್ಲಿ ಲಾಗ್ ಟೇಬಲ್ ಏಕೆಂದು ಗೊಣಗುವವರಿಗೆ ಇಲ್ಲೊಂದು ಉಪಯೋಗ ಸಿಕ್ಕಿತು. ಬೆಳಕಿಗೆ ಬ್ಯಾಟರಿಯ ಎಲ್‌ಇಡಿ ಆಗುತ್ತದೆ. ಕರೆಂಟು ಏರಿಳಿಯುವ ಊರಿನಲ್ಲಿ ಗೋಡೆಯ ಪ್ಲಗ್ಗನ್ನು ನಂಬುವುದು ಬೇಡ. ಗ್ರಹಿಸಲು ಹಳೆಯ ಕ್ಯಾಲ್ಕ್ಯುಲೇಟರಿನ ಸೌರಕೋಶ ಅಥವಾ ಒಂದು ಫೋಟೋಡಯೋಡ್, ಓದಲು ಮೈಕ್ರೋಆಂಪಿಯರ್ ತೋರಿಸುವ ಮಲ್ಟಿಮೀಟರ್. ಮಧ್ಯೆ ಕಪ್ಪು ರಟ್ಟಿನಲ್ಲಿ ಮೂರು ಮಿಲಿಮೀಟರಿನ ಒಂದು ತೂತು. ಇಷ್ಟೇ.

ಆದರೆ ಈ ಪೆಟ್ಟಿಗೆ ಹೇಳುವುದು ನಿಜವೆಂದು ನಂಬುವುದು ಹೇಗೆ? ಅದಕ್ಕೂ ಶಾಲೆಯ ಪುಸ್ತಕದಲ್ಲಿಯೇ ಉತ್ತರವಿದೆ. ದೂರ ಇಮ್ಮಡಿಯಾದರೆ ಬೆಳಕು ಕಾಲು ಭಾಗವಾಗುತ್ತದೆ. ಸಣ್ಣ ದೀಪವೊಂದನ್ನು ಅರ್ಧ ಮೀಟರ್ ದೂರದಲ್ಲಿಟ್ಟಾಗ ಮೀಟರು 80 ತೋರಿಸಿದರೆ, ಒಂದು ಮೀಟರಿಗೆ 20, ಎರಡು ಮೀಟರಿಗೆ 5 ತೋರಿಸಬೇಕು. ಎರಡು ಮೀಟರಿಗೆ 8 ಬಂದರೆ? ಇಲ್ಲಿಯೇ ಪರೀಕ್ಷೆ ಇರುವುದು, ಯಂತ್ರಕ್ಕಲ್ಲ, ಮಕ್ಕಳಿಗೆ. ರೆಕಾರ್ಡ್ ಪುಸ್ತಕದ ಅಭ್ಯಾಸವಾಗಿರುವ ಹುಡುಗ 8 ಅನ್ನು ಅಳಿಸಿ 5 ಬರೆಯುತ್ತಾನೆ, ಮಾರ್ಕೂ ಬರುತ್ತದೆ. ಅಳಿಸದೆ ಬಿಟ್ಟ ಹುಡುಗಿ ಸುತ್ತ ನೋಡುತ್ತಾಳೆ; ಸುಣ್ಣ ಬಳಿದ ಬಿಳಿ ಗೋಡೆ ಬೆಳಕನ್ನು ಹಿಂದಿರುಗಿಸುತ್ತಿರುವುದು ಅವಳಿಗೆ ಕಾಣುತ್ತದೆ. ಗೋಡೆಗೆ ಕಪ್ಪು ಬಟ್ಟೆ ಇಳಿಬಿಟ್ಟ ಮೇಲೆ ಅಂಕಿ ತಾನಾಗಿ ಇಳಿಯುತ್ತದೆ. ನಮ್ಮ ಪ್ರಯೋಗಾಲಯಗಳಲ್ಲಿ ಇಂಥ ‘ತಪ್ಪು’ ಅಂಕಿಗಳು ವರ್ಷವರ್ಷವೂ ರಬ್ಬರಿಗೆ ಬಲಿಯಾಗುತ್ತಿವೆ ಎಂಬುದು ತಂದೆತಾಯಿಗಳಿಗೆ ತಿಳಿದಿದ್ದರೆ ಒಳ್ಳೆಯದು. ಫಿಲ್ಮಿನ ಪ್ರಯೋಗದಲ್ಲಿ ಪುಸ್ತಕದಿಂದ ನಕಲು ಮಾಡಲು ಉತ್ತರವೇ ಇಲ್ಲ. ಈ ಡಬ್ಬಿಯ ಫಿಲ್ಮು, ಈ ದ್ರಾವಣ, ಈ ದಿನದ ಉಷ್ಣತೆ ಸೇರಿ ಕೊಟ್ಟ ರೇಖೆಯೇ ಉತ್ತರ.

ಅಳೆಯಲು ಮೆಟ್ಟಿಲುಪಟ್ಟಿ ಬೇಕು. ಫಿಲ್ಮಿನ ತುಂಡೊಂದರ ಮೇಲೆ ಸಾಲಾಗಿ, ಗೊತ್ತಾದ ಪ್ರಮಾಣದಲ್ಲಿ ಏರುವ ಬೆಳಕು ಬೀಳಿಸಿ ಡೆವಲಪ್ ಮಾಡಿದರೆ ತಿಳಿಬೂದಿಯಿಂದ ಕಡುಗಪ್ಪಿನವರೆಗೆ ಮೆಟ್ಟಿಲುಗಳು ಮೂಡುತ್ತವೆ. ಅಂಗಡಿಯ ಪಟ್ಟಿಯಲ್ಲಿ ಸಾಮಾನ್ಯವಾಗಿ 21 ಮೆಟ್ಟಿಲು, ಒಂದೊಂದಕ್ಕೂ 0.15 ಅಂತರ. ಶಾಲೆಗೆ ಏಳೆಂಟು ಮೆಟ್ಟಿಲು ಸಾಕು. ಬೆಳಕು ಹೆಚ್ಚಿಸಲು ಸಮಯ ಹೆಚ್ಚಿಸುವುದು ಸುಲಭವೆಂದು ತೋರುತ್ತದೆ, ಅದರಲ್ಲೊಂದು ಮೋಸವಿದೆ. ಮಂದ ಬೆಳಕನ್ನು ಬಹಳ ಹೊತ್ತು ಬಿಟ್ಟರೆ ಫಿಲ್ಮು ಲೆಕ್ಕಕ್ಕಿಂತ ಕಡಿಮೆ ಕಪ್ಪಾಗುತ್ತದೆ. ನಕ್ಷತ್ರಗಳ ಚಿತ್ರ ತೆಗೆಯುತ್ತಿದ್ದ ಕಾರ್ಲ್ ಶ್ವಾರ್ಜ್‌ಶೀಲ್ಡ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದನ್ನು ಅಳೆದು ಸೂತ್ರ ಕೊಟ್ಟ. ಮುಂದೆ ಕಪ್ಪುಕುಳಿಯ ಗಣಿತದಿಂದ ಹೆಸರಾದವನೂ ಅವನೇ. ಆದ್ದರಿಂದ ಸಮಯವನ್ನು ಒಂದೇ ಇಟ್ಟು ದೀಪದ ದೂರ ಬದಲಾಯಿಸುವುದು ಕ್ಷೇಮ.

ಸ್ಪಷ್ಟತೆ ಅಳೆಯಲು ಹೊಸದೇನೂ ಕೊಳ್ಳಬೇಕಾಗಿಲ್ಲ. ಒಂದು ಮಿಲಿಮೀಟರಿಗೆ ಒಂದು ಜೋಡಿ ಕಪ್ಪು ಬಿಳಿ ಗೆರೆ ಬರುವಂತೆ ಮುದ್ರಿಸಿದ ಹಾಳೆಯನ್ನು 50 ಮಿಲಿಮೀಟರ್ ಮಸೂರದ ಕ್ಯಾಮೆರಾದಿಂದ ಎರಡೂವರೆ ಮೀಟರಿಗೆ ತುಸು ಹೆಚ್ಚು ದೂರದಲ್ಲಿ ತೆಗೆದರೆ ಫಿಲ್ಮಿನ ಮೇಲೆ ಅದು ಐವತ್ತು ಪಾಲು ಕುಗ್ಗುತ್ತದೆ. ಅಂದರೆ ಮಿಲಿಮೀಟರಿಗೆ 50 ಜೋಡಿ. ಗೆರೆಗಳು ಬಿಡಿಬಿಡಿಯಾಗಿ ಉಳಿದಿವೆಯೋ ಕಲಸಿಹೋಗಿವೆಯೋ ಎಂಬುದನ್ನು ಈರುಳ್ಳಿ ಸಿಪ್ಪೆ ನೋಡುವ ಸೂಕ್ಷ್ಮದರ್ಶಕವೇ ಹೇಳುತ್ತದೆ.

ಇಷ್ಟೆಲ್ಲ ಪಾಡು ಏಕೆ, ಈಗ ಎಲ್ಲರ ಕೈಯಲ್ಲೂ ಮೊಬೈಲಿನ ಕ್ಯಾಮೆರಾ ಇದೆಯಲ್ಲ, ಉದಕಮಂಡಲದಲ್ಲಿ ‘ಇಂದು’ ಫಿಲ್ಮು ತಯಾರಿಸುತ್ತಿದ್ದ ಸರ್ಕಾರಿ ಕಾರ್ಖಾನೆಯೂ ನಿಂತುಹೋಗಿದೆಯಲ್ಲ ಎಂದು ಕೇಳುವುದು ನ್ಯಾಯವೇ. ಉತ್ತರಕ್ಕೆ ಕೊಡೈಕೆನಾಲಿನವರೆಗೆ ಹೋಗಬೇಕು.

ಬೆಂಗಳೂರಿನ ಕೋರಮಂಗಲದಲ್ಲಿ ಕೇಂದ್ರ ಕಚೇರಿ ಇರುವ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಸೌರ ವೀಕ್ಷಣಾಲಯ ಕೊಡೈಕೆನಾಲಿನ ಬೆಟ್ಟದ ಮೇಲಿದೆ. 1909ರಲ್ಲಿ ಜಾನ್ ಎವರ್ಶೆಡ್ ಸೂರ್ಯನ ಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಕಂಡದ್ದು ಅಲ್ಲಿಯೇ. 1904ರಿಂದ ಅಲ್ಲಿ ಮೋಡವಿಲ್ಲದ ದಿನಗಳಲ್ಲಿ ಸೂರ್ಯನ ಚಿತ್ರವನ್ನು ಫಲಕಕ್ಕೆ ಇಳಿಸುತ್ತ ಬಂದರು. ಕ್ಯಾಲ್ಸಿಯಂ ಬೆಳಕಿನಲ್ಲಿ ತೆಗೆದ ಚಿತ್ರಗಳ ಸರಣಿ 2007ರವರೆಗೆ, ಸುಮಾರು ನೂರು ವರ್ಷ ನಡೆಯಿತು. ಒಂದೇ ಜಾಗದಿಂದ ಇಷ್ಟು ದೀರ್ಘಕಾಲ ಇಟ್ಟ ಸೂರ್ಯನ ಲೆಕ್ಕ ಜಗತ್ತಿನಲ್ಲಿ ಅಪರೂಪ. ಆ ಫಲಕಗಳನ್ನು ಈಗ 4096 ಅಡ್ಡ, 4096 ಉದ್ದ ಬಿಂದುಗಳ ಡಿಜಿಟಲ್ ಕ್ಯಾಮೆರಾದಿಂದ ಗಣಕಕ್ಕೆ ಏರಿಸಿದ್ದಾರೆ.

ಏರಿಸಿದ ಮೇಲೆ ಎದುರಾದ ತೊಡಕು ನೋಡಿ. ಫಲಕದ ಕಪ್ಪು ಗೊತ್ತು. ಅಷ್ಟು ಕಪ್ಪಾಗಲು ಎಷ್ಟು ಬೆಳಕು ಬಿದ್ದಿತ್ತು? ಮೆಟ್ಟಿಲುಪಟ್ಟಿಯನ್ನು ಸೂರ್ಯಬಿಂಬದ ಜೊತೆಗೇ ಅಚ್ಚು ಹಾಕುವ ಪದ್ಧತಿ ಅಲ್ಲಿ ಬಂದದ್ದು 1958ರಲ್ಲಿ. ಆಮೇಲಿನ ಫಲಕಗಳಲ್ಲಿ ಪಟ್ಟಿ ನೋಡಿ ರೇಖೆ ಬರೆಯಬಹುದು. ಅದಕ್ಕೆ ಹಿಂದಿನ ಅರ್ಧ ಶತಮಾನದ ಫಲಕಗಳಲ್ಲಿ ಪಟ್ಟಿಯೇ ಇಲ್ಲ. 1920ರ ಒಂದು ಫಲಕದಲ್ಲಿ ಸೂರ್ಯನ ಒಂದು ಭಾಗ ಹೆಚ್ಚು ಹೊಳೆದಿದ್ದರೆ, ಹೊಳೆದದ್ದು ಸೂರ್ಯನೋ ಅಥವಾ ಆ ದಿನದ ಡೆವಲಪರ್ ಕೊಂಚ ಬೆಚ್ಚಗಿತ್ತೋ? ಪಟ್ಟಿ ಅಚ್ಚು ಹಾಕುವುದು ಕೆಲವೇ ನಿಮಿಷದ ಕೆಲಸ. ಅದು ಇಲ್ಲದ್ದಕ್ಕೆ ಹಲವು ದೇಶಗಳ ವಿಜ್ಞಾನಿಗಳು ಈಗ ತಲೆ ಕೆಡಿಸಿಕೊಳ್ಳುತ್ತಿದ್ದಾರೆ. ಅವರು ಕಂಡುಕೊಂಡ ಉಪಾಯವೂ ಸೊಗಸಾಗಿದೆ. ಸೂರ್ಯಬಿಂಬ ನಡುವಿನಲ್ಲಿ ಹೆಚ್ಚು ಹೊಳೆದು ಅಂಚಿಗೆ ಹೋದಂತೆ ಮಬ್ಬಾಗುತ್ತದೆ. ಗದ್ದಲವಿಲ್ಲದ ಭಾಗದಲ್ಲಿ ಈ ಇಳಿಕೆಯ ಕ್ರಮ ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುವುದಿಲ್ಲವೆಂದು ಇಟ್ಟುಕೊಂಡು, ಆ ಇಳಿಕೆಯನ್ನೇ ಮೆಟ್ಟಿಲುಪಟ್ಟಿಯಾಗಿ ಬಳಸುತ್ತಾರೆ. ಸೂರ್ಯನಾದ್ದರಿಂದ ಇದು ಸಾಧ್ಯವಾಯಿತು. ಹಜಾರದ ಗೋಡೆಯ ಫೋಟೋಗೆ ಅಂಥ ಆಸರೆ ಇಲ್ಲ.

ಮೊಬೈಲಿನ ಕ್ಯಾಮೆರಾಗೂ ರೇಖೆ ಇದೆ, ಆದರೆ ಅದನ್ನು ಬರೆದವರು ತಯಾರಕರು. ಮುಖ ಬೆಳ್ಳಗಾಗಿಸುವುದು, ಆಕಾಶ ನೀಲಿಯಾಗಿಸುವುದು ಕೇಳದೆಯೇ ನಡೆದುಹೋಗುತ್ತದೆ. ಶಾಲೆಯಲ್ಲಿ ಮಾಡಿದ ಮೆಟ್ಟಿಲುಪಟ್ಟಿಯನ್ನು ಬೆಳಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು, ಒಂದೊಂದು ಮೆಟ್ಟಿಲಿನ ಅಂಕಿಯನ್ನು ಗಣಕದಲ್ಲಿ ಓದಿ ನಕ್ಷೆ ಬರೆದರೆ ಆ ಗುಟ್ಟೂ ಬಯಲಾಗುತ್ತದೆ. ಹೊಸ ಕ್ಯಾಮೆರಾ ಕೊಡಿಸಿ ಎನ್ನುವ ಮಗನಿಗೆ ತಂದೆ ಮೊದಲು ಈ ಕೆಲಸ ಒಪ್ಪಿಸಬಹುದು.

ಎರಡು ಎಚ್ಚರಿಕೆ ಉಳಿದಿವೆ. ಬಳಸಿದ ಹೈಪೋದಲ್ಲಿ ಬೆಳ್ಳಿ ಕರಗಿರುತ್ತದೆ; ಅದನ್ನು ಚರಂಡಿಗೋ ಕೆರೆಗೋ ಸುರಿಯಬಾರದು. ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಉಕ್ಕಿನ ನಾರು ಹಾಕಿಟ್ಟರೆ ಕಬ್ಬಿಣ ಕರಗಿ ಬೆಳ್ಳಿ ತಳಕ್ಕೆ ಕೂರುತ್ತದೆ. ಹತ್ತನೆಯ ತರಗತಿಯ ಸ್ಥಾನಪಲ್ಲಟ ಕ್ರಿಯೆ ಇದೇ. ಮತ್ತೆ, ಈ ಕಡೆಯ ಮಳೆಗಾಲದ ತೇವಕ್ಕೆ ಜೆಲಟಿನ್ ಎಂದರೆ ಬೂಷ್ಟಿಗೆ ಹಬ್ಬದೂಟ. ಪಟ್ಟಿಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಟ್ಟು, ಪ್ರತಿಯೊಂದರ ಅಂಚಿನಲ್ಲಿ ದಿನಾಂಕ, ಫಿಲ್ಮಿನ ಹೆಸರು, ದ್ರಾವಣದ ಉಷ್ಣತೆ, ನಿಮಿಷ, ದೀಪದ ದೂರ ಬರೆದಿಡಬೇಕು. ಪೆನ್ಸಿಲ್ ಬೇಡ, ಅಳಿಸಲಾಗದ ಶಾಯಿಯಲ್ಲಿ.