ಇಪ್ಪತ್ತೆರಡನೇ ಡಿಸ್ಕ್



ಈ ಸಲ ಗೋಡೆ ಪತ್ರಿಕೆಗೆ ಏನು ಬರೆಯಲಿ ಎಂದು ಕೇಳಿದ್ದಕ್ಕೆ ಕನ್ನಡ ಮೇಷ್ಟ್ರು, "ನಿನಗೆ ಆಗಿದ್ದನ್ನ ಬರಿಯಮ್ಮ, ಎಲ್ಲಿಂದಲೋ ನೋಡಿ ಬರೀಬೇಡ" ಎಂದರು. ಆದ್ದರಿಂದ ದಸರಾ ರಜೆಯಲ್ಲಿ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯುತ್ತಿದ್ದೇನೆ. ಇದರಲ್ಲಿ ತಪ್ಪು ನನ್ನದೇ.

ನಮ್ಮ ಸೋದರಮಾವ ಬೆಂಗಳೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾರೆ. ಹಬ್ಬಕ್ಕೆ ಬಂದಾಗ ತಮ್ಮ ಹಳೇ ಲ್ಯಾಪ್‌ಟಾಪ್ ಜೊತೆಗೆ ಒಂದು ರಟ್ಟಿನ ಡಬ್ಬವನ್ನೂ ತಂದುಕೊಟ್ಟರು. ಒಳಗೆ ಅಂಗೈಯಗಲದ ನಾಲ್ಕು ಫ್ಲಾಪಿ ಡಿಸ್ಕ್‌ಗಳು. ಚೀಟಿಗಳು ಹರಿದುಹೋಗಿದ್ದರಿಂದ ಮಾವ ಪೆನ್ಸಿಲ್‌ನಲ್ಲಿ 1, 2, 3, 4 ಎಂದು ಬರೆದಿದ್ದರು. ಒಂದರಲ್ಲಿ ಹಿಡಿಸುವುದು 720 ಕೆಬಿ ಮಾತ್ರ. ನಾಲ್ಕೂ ಸೇರಿದರೆ 3 ಎಂಬಿ ಕೂಡ ಆಗಲ್ಲ. ಈಗಿನ ಫೋನಿನಲ್ಲಿ ತೆಗೆದ ಒಂದು ಫೋಟೋನೇ ಅದಕ್ಕಿಂತ ದೊಡ್ಡದಿರುತ್ತೆ! ಅಷ್ಟರಲ್ಲೇ ಒಂದು ಇಡೀ ಆಟ ಇತ್ತು. ಅದರ ಹೆಸರು 'ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್'. 1990ರಲ್ಲಿ ಅಮೆರಿಕದ ಲ್ಯೂಕಾಸ್‌ಫಿಲ್ಮ್ ಗೇಮ್ಸ್ ಕಂಪನಿಯಲ್ಲಿ ರಾನ್ ಗಿಲ್ಬರ್ಟ್ ಮತ್ತು ಅವರ ಸಂಗಡಿಗರು ಮಾಡಿದ್ದು. ಕಡಲುಗಳ್ಳನಾಗಬೇಕು ಅಂತ ಹೊರಟ ಗೈಬ್ರಶ್ ಎಂಬ ಹುಡುಗನ ಕಥೆ.

ಆದರೆ ಹಳೇ ಆಟ ಹೊಸ ಕಂಪ್ಯೂಟರಿನಲ್ಲಿ ನೇರವಾಗಿ ನಡೆಯೋದಿಲ್ಲ. ಅದಕ್ಕೆ 'ಡಾಸ್‌ಬಾಕ್ಸ್' ಎಂಬ ಎಮ್ಯುಲೇಟರ್ ಬೇಕು. ಎಮ್ಯುಲೇಟರ್ ಅಂದರೆ ವೇಷ ಹಾಕುವ ತಂತ್ರಾಂಶ. ನಮ್ಮೂರಿಗೆ ಬರುವ ಹಗಲುವೇಷದವರು ಹನುಮಂತನಾಗಿ ನಿಂತರೆ ಮಕ್ಕಳು ನಿಜವಾದ ಹನುಮಂತ ಅಂತಲೇ ನಂಬುತ್ತವಲ್ಲ, ಹಾಗೆ ಇದು ಹಳೇ ಕಂಪ್ಯೂಟರಿನ ವೇಷ ಹಾಕುತ್ತದೆ. ಆಟ ನಂಬಿಬಿಡುತ್ತದೆ.

ಮಾವ ಯುಎಸ್‌ಬಿ ಫ್ಲಾಪಿ ಡ್ರೈವ್ ಸಿಕ್ಕಿಸಿ, ಡಿಸ್ಕ್‌ಗಳನ್ನು ಒಂದೊಂದಾಗಿ ಹಾಕಿ, ಎಲ್ಲಾ ಫೈಲ್‌ಗಳನ್ನು ಒಂದೇ ಫೋಲ್ಡರಿಗೆ ಇಳಿಸಿದರು. ಆಮೇಲೆ ಡಾಸ್‌ಬಾಕ್ಸ್‌ನಲ್ಲಿ 'ಮೌಂಟ್ ಸಿ' ಎಂದು ಟೈಪ್ ಮಾಡಿ ಆ ಫೋಲ್ಡರ್ ಇರುವ ಜಾಗ ತಿಳಿಸಿದರೆ, ಅದೇ ಆಟದ ಪಾಲಿಗೆ ಸಿ ಡ್ರೈವ್. ಕೆಲವು ಆಟಗಳು ನಡುವೆ ಡಿಸ್ಕ್ ಬದಲಾಯಿಸು ಅಂತ ಹಟ ಮಾಡುತ್ತವಂತೆ. ಅಂಥವಕ್ಕೆ ಪ್ರತಿ ಡಿಸ್ಕಿನ ಪಡಿಯಚ್ಚನ್ನು ಒಂದೊಂದು ಫೈಲ್ ಮಾಡಿ, 'ಇಮ್ಗ್‌ಮೌಂಟ್' ಎಂಬ ಆಜ್ಞೆಯಲ್ಲಿ ಸಾಲಾಗಿ ಹೆಸರು ಕೊಡಬೇಕು. ಕೇಳಿದಾಗ ಕಂಟ್ರೋಲ್ ಮತ್ತು ಎಫ್ 4 ಒತ್ತಿದರೆ ಮುಂದಿನ ಡಿಸ್ಕ್ ಹಾಕಿದ ಹಾಗೆ.

ಆಟ ಶುರುವಾಗುವ ಮೊದಲು ಒಂದು ಪರೀಕ್ಷೆ ಇದೆ. ಕಡಲುಗಳ್ಳನೊಬ್ಬನ ಮುಖ ತೋರಿಸಿ, ಇವನನ್ನು ಇಂಥ ಜಾಗದಲ್ಲಿ ಗಲ್ಲಿಗೆ ಹಾಕಿದ ವರ್ಷ ಯಾವುದು ಎಂದು ಕೇಳುತ್ತದೆ. ಡಬ್ಬದಲ್ಲಿರುವ ರಟ್ಟಿನ ಚಕ್ರ ತಿರುಗಿಸಿ, ಮುಖದ ಮೇಲರ್ಧ ಕೆಳಗರ್ಧ ಹೊಂದಿಸಿ, ಕಿಂಡಿಯಲ್ಲಿ ವರ್ಷ ಓದಿ ಹೇಳಬೇಕು. ಕದ್ದು ನಕಲು ಮಾಡಿಕೊಂಡವರು ಆಡಬಾರದು ಅಂತ ಈ ಉಪಾಯ. ನನಗೆ ಮುಖ ಹೊಂದಿಸೋಕೇ ಬರಲಿಲ್ಲ. ಮೂರನೇ ತರಗತಿಯ ನನ್ನ ತಮ್ಮ ಕಣ್ಣು ಮಿಟುಕಿಸೋದರಲ್ಲಿ ಹೊಂದಿಸಿ ಕೊಟ್ಟ.

ಮಾರನೇ ದಿನ ಮಾವ ಊರಿಗೆ ಹೊರಟರು. ನಾನು ಒಬ್ಬಳೇ ಆಡುತ್ತಾ ಕಾಡಿನೊಳಗೆ ಹೋದೆ. ಅಲ್ಲೊಂದು ಮರದ ಬೊಡ್ಡೆ. ಅದನ್ನು ನೋಡಿದರೆ ಒಳಗೆ ಸುರಂಗ ಇದೆ ಅಂತ ತಿಳಿಯಿತು. ಇಳಿಯೋಣ ಅನ್ನುವಷ್ಟರಲ್ಲಿ ಡಿಸ್ಕ್ 22 ಹಾಕು ಎಂದು ಬಂತು. ಗುಂಡಿ ಒತ್ತಿದರೆ ಡಿಸ್ಕ್ 36. ಇನ್ನೊಮ್ಮೆ ಒತ್ತಿದರೆ ಡಿಸ್ಕ್ 114!

ನನ್ನ ಎದೆ ಧಸಕ್ ಅಂತು. ನಮ್ಮ ಹತ್ತಿರ ಇರೋದು ನಾಲ್ಕೇ. ಮಿಕ್ಕಿದ್ದು ಎಲ್ಲಿ? ಹಿಂದೊಮ್ಮೆ ತಮ್ಮ ಒಂದು ಖಾಲಿ ಡಿಸ್ಕಿನ ತಗಡು ಕಿತ್ತು ಪೀಪಿ ಮಾಡಿಕೊಂಡಿದ್ದ. ಇವನದೇ ಕೆಲಸ ಎಂದುಕೊಂಡೆ. ಜಗಲಿಯಲ್ಲಿ ಗೋಲಿ ಆಡುತ್ತಿದ್ದವನ ಕೈ ಹಿಡಿದೆಳೆದು, "ಕಳ್ಳ, ಡಿಸ್ಕೆಲ್ಲ ಎಲ್ಲಿ ಬಿಸಾಕಿದ್ಯೋ?" ಎಂದು ಬೀದಿಗೆ ಕೇಳುವ ಹಾಗೆ ಕೂಗಿ ಕೆನ್ನೆಗೆ ಬಾರಿಸಿದೆ. "ಇಲ್ಲ ಕಣಕ್ಕಾ, ದೇವರಾಣೆ ನಾನು ತೆಗ್ದಿಲ್ಲ" ಎಂದು ಅತ್ತ. ಅಮ್ಮ, "ಇಲ್ಲ ಅಂತಿದಾನಲ್ಲೇ" ಎಂದರೂ ಕೇಳಲಿಲ್ಲ. ಅಟ್ಟ, ಕಣಜ, ಹುಲ್ಲಿನ ಬಣವೆ ಎಲ್ಲಾ ಹುಡುಕಿದೆ. ತಮ್ಮ ಮಧ್ಯಾಹ್ನ ಊಟ ಮಾಡಲಿಲ್ಲ.

ಸಂಜೆ ಹೆದರಿಕೊಂಡೇ ಮಾವನಿಗೆ ಫೋನ್ ಮಾಡಿದೆ. ಅವರು ಬಿದ್ದು ಬಿದ್ದು ನಕ್ಕರು. "ಅಯ್ಯೋ ಹುಚ್ಚಿ, ಅದು ತಮಾಷೆ ಕಣೇ! ಆ ಕಾಲದಲ್ಲಿ ಡಿಸ್ಕ್ ಬದಲಾಯಿಸಿ ಬದಲಾಯಿಸಿ ಜನ ಬೇಜಾರಾಗಿದ್ರು. ಅದನ್ನೇ ಅಣಕ ಮಾಡಿದಾರೆ. ಡಿಸ್ಕ್ 22 ಹುಟ್ಟೇ ಇಲ್ಲ" ಎಂದರು. ನನ್ನ ಹಾಗೇ ಎಷ್ಟೋ ಜನ ಅದನ್ನು ನಿಜ ಅಂತ ನಂಬಿ ಕಂಪನಿಗೆ ಫೋನ್ ಮಾಡಿದ್ದರಂತೆ. ಆಮೇಲಿನ ಆವೃತ್ತಿಗಳಲ್ಲಿ ಅದನ್ನು ತೆಗೆದೇಬಿಟ್ಟರಂತೆ. 1991ರಲ್ಲಿ ಬಂದ ಎರಡನೇ ಆಟದಲ್ಲಿ ಈ ಬೊಡ್ಡೆಯ ಗಲಾಟೆಯನ್ನೇ ಇನ್ನೊಂದು ತಮಾಷೆ ಮಾಡಿದ್ದಾರೆ.

ನನಗೆ ನಗು ಬರಲಿಲ್ಲ. ನಾಲ್ಕೂ ಡಿಸ್ಕಿನ ಫೈಲ್‌ಗಳು ಒಳಗೇ ಇರುವಾಗ ಆಟ ಇನ್ನೊಂದು ಕೇಳುವುದಾದರೂ ಹೇಗೆ? ಒಂದು ನಿಮಿಷ ಯೋಚಿಸಿದ್ದರೆ ನನಗೇ ಹೊಳೆಯುತ್ತಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನೋದು ಸುಳ್ಳಲ್ಲ.

ತಮ್ಮ ಕೊಟ್ಟಿಗೆಯಲ್ಲಿ ಕರುವಿನ ಪಕ್ಕ ಕೂತಿದ್ದ. ಹೋಗಿ, "ತಪ್ಪಾಯ್ತು ಕಣೋ" ಎಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ನೂರಾ ಹದಿನಾಲ್ಕನೇದೂ ಇಲ್ವಾ?" ಎಂದು ಕೇಳಿದ. ಇಲ್ಲ ಎಂದೆ. "ಸರಿ, ಚಕ್ರ ಮಾತ್ರ ನಾನೇ ತಿರುಗಿಸ್ತೀನಿ" ಎಂದ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ನಾನು ಕೂಗಿದ್ದನ್ನು ಬೀದಿಯ ಹುಡುಗರು ಕೇಳಿಸಿಕೊಂಡಿದ್ದರು. ಶಾಲೆ ಶುರುವಾದ ಮೇಲೂ ಅವನನ್ನು 'ಡಿಸ್ಕ್ ಕಳ್ಳ' ಎಂದು ಕರೆಯುತ್ತಿದ್ದಾರೆ. ಕೊಟ್ಟಿಗೆಯಲ್ಲಿ ಕೇಳಿದ ಕ್ಷಮೆ ಬೀದಿಗೆ ಹೇಗೆ ಕೇಳಿಸೀತು? ಅದಕ್ಕೇ ಎಲ್ಲರೂ ನಿಂತು ಓದುವ ಈ ಗೋಡೆಯ ಮೇಲೆ ಬರೆದಿದ್ದೇನೆ. ನನ್ನ ತಮ್ಮ ಯಾವ ಡಿಸ್ಕನ್ನೂ ಕದ್ದಿರಲಿಲ್ಲ. ದಯವಿಟ್ಟು ಇನ್ನು ಯಾರೂ ಅವನನ್ನು ಹಾಗೆ ಕರೆಯಬೇಡಿ.

ಇಂತಿ ನಿಮ್ಮ ಗೆಳತಿ,
9ನೇ ತರಗತಿ