ಆಯಿಲ್ ಬದಲಿಸಿದ ಮೇಲೊಂದು ಸುತ್ತು

ಉಡುಪಿಯ ಗ್ಯಾರೇಜಿನಲ್ಲಿ ಆಯಿಲ್ ಬದಲಿಸಿಕೊಂಡು ಬಂದ ಕಾರು ಮರುದಿನ ಬೆಳಿಗ್ಗೆ ಕೀಲಿ ತಿರುಗಿಸಿದೊಡನೆ 'ಟಕ ಟಕ' ಎಂದರೆ ಮನೆಮಂದಿಯೆಲ್ಲ ಬಾನೆಟ್ ಸುತ್ತ ಸೇರುತ್ತಾರೆ. ನಿನ್ನೆಯವರೆಗೆ ಇಲ್ಲದ ಸದ್ದು, ದುಡ್ಡು ಕೊಟ್ಟು ತಂದದ್ದೇ ಎಂಬ ಅನುಮಾನ. ಎರಡು ಮೂರು ಸೆಕೆಂಡಿನಲ್ಲಿ ನಿಂತರೆ ಗಾಬರಿ ಬೇಡ. ರಾತ್ರಿ ಕೆಳಗಿಳಿದ ಆಯಿಲ್ ಮತ್ತೆ ವಾಲ್ವುಗಳವರೆಗೆ ಏರಲು ಅಷ್ಟು ಹೊತ್ತು ಬೇಕು. ಹೊಸ ಫಿಲ್ಟರ್ ಹಾಕಿದ ಮೇಲೆ ಪ್ರತಿದಿನವೂ ಹೀಗಾದರೆ, ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ಅದರೊಳಗಿನ ರಬ್ಬರ್ ವಾಲ್ವು ಸರಿಯಿಲ್ಲದಿರಬಹುದು. ಆಯಿಲ್‌ನ ಕೆಂಪು ದೀಪ ಆರದಿದ್ದರೆ ಮಾತ್ರ ಎಂಜಿನನ್ನು ಆ ಕ್ಷಣವೇ ನಿಲ್ಲಿಸಬೇಕು. ಗ್ಯಾರೇಜಿನವರೆಗೂ ಓಡಿಸುವಂತಿಲ್ಲ.

ದೀಪ ಆರಿಯೂ ಸದ್ದು ಉಳಿದಿದ್ದರೆ ಅದರ ಜಾತಿ ತಿಳಿಯಲು ಈ ಊರಿನ ರಸ್ತೆಗಳೇ ಸಾಕು. ಕಡಿಯಾಳಿ, ಕುಂಜಿಬೆಟ್ಟು, ಇಂದ್ರಾಳಿ ದಾಟಿ ಮಣಿಪಾಲದತ್ತ ಏರುವಾಗ ಎಂಜಿನಿಗೆ ಭಾರ ಬೀಳುತ್ತದೆ. ಮುರಕಲ್ಲಿನ ಆವರಣ ಗೋಡೆಗಳ ಪಕ್ಕದಲ್ಲಿ ಕಿಟಕಿ ಇಳಿಸಿದರೆ ಸದ್ದು ತಿರುಗಿ ಕಿವಿಗೆ ಬರುತ್ತದೆ. ತೆಳುವಾದ ಟಕಟಕ ಸಾಮಾನ್ಯವಾಗಿ ವಾಲ್ವಿನ ಕಡೆಯದು. ಏರು ಹತ್ತಿದಂತೆ 'ಧಡ್ ಧಡ್' ಎಂದು ಕೆಳಗಿನಿಂದ ಏಳುವುದು ಬೇರಿಂಗಿನದಾಗಿರಬಹುದು. ಅಂಥ ಕಾರು ಮುಂದೆ ಹೋಗುವುದೇ ಬೇಡ, ಎಳೆಸಿಕೊಂಡು ಹೋಗುವುದೇ ಅಗ್ಗ.

1957ರಲ್ಲಿ ಶುರುವಾದ ಎಂಜಿನಿಯರಿಂಗ್ ಕಾಲೇಜಿನ ಊರು ಮಣಿಪಾಲ. ಮನೆಯ ಹಳೆಯ ಕಾರನ್ನು ಮಗನಿಗೋ ಮಗಳಿಗೋ ಕೊಟ್ಟು ಕಳಿಸುವ ಪಾಲಕರು ಒಂದು ಮಾತು ಹೇಳಿಕೊಡಬೇಕು: ಅಲ್ಲಿನ ಇಳಿಜಾರಿನಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್ ನೋಡಿದರೆ ಅದು ಸುಳ್ಳು ಹೇಳುತ್ತದೆ.

ಪರ್ಕಳ, ಹಿರಿಯಡ್ಕ, ಬೈಲೂರು ಹಾದು ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಉಬ್ಬುಗಳಿಗೆ ಬರವಿಲ್ಲ. ಉಬ್ಬು ಹಾರಿದಾಗಲಷ್ಟೇ ಗಡಗಡ ಎಂದರೆ ಎಂಜಿನ್ ನಿರಪರಾಧಿ. ಆಯಿಲ್ ಇಳಿಸಲು ಬಿಚ್ಚಿದ ಅಡಿಯ ಪ್ಲಾಸ್ಟಿಕ್ ಕವಚಕ್ಕೆ ಯಾರೋ ಒಂದು ಸ್ಕ್ರೂ ಹಾಕಲು ಮರೆತಿದ್ದಾರೆ ಅಷ್ಟೆ. ಹತ್ತು ನಿಮಿಷದ ಕೆಲಸ. ಹೆದರಿದ ಗಿರಾಕಿ ಮಾತ್ರ ಎಂಜಿನನ್ನೇ ಬಿಚ್ಚಿಸಲು ಒಪ್ಪಿಬಿಡುವುದುಂಟು.

1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟನ ಊರಿನಲ್ಲಿ, ಆನೆಕೆರೆಯ ಬಳಿ ಸಮತಟ್ಟಾದ ಜಾಗ ಕಂಡಲ್ಲಿ ಕಾರು ನಿಲ್ಲಿಸಿ ಹತ್ತು ನಿಮಿಷ ಕೆರೆ ನಡುವಿನ ಬಸದಿಯನ್ನು ನೋಡಬಹುದು. ಅಷ್ಟರಲ್ಲಿ ಆಯಿಲ್ ತಳಕ್ಕೆ ಇಳಿದಿರುತ್ತದೆ. ಡಿಪ್‌ಸ್ಟಿಕ್ ಒರೆಸಿ, ಮತ್ತೆ ಅದ್ದಿ ತೆಗೆದರೆ ಎರಡು ಗುರುತುಗಳ ನಡುವೆ ಇರಬೇಕು. ಕಡಿಮೆಯಾದರೆ ಸದ್ದು ಬರುವುದು ಎಲ್ಲರಿಗೂ ಗೊತ್ತು. ಹೆಚ್ಚಾದರೂ ಬರುತ್ತದೆ! ಕ್ರ್ಯಾಂಕ್ ಆಯಿಲನ್ನು ಮಜ್ಜಿಗೆಯಂತೆ ಕಡೆದು ನೊರೆ ಎಬ್ಬಿಸುತ್ತದೆ. ಲೋಹಗಳ ನಡುವೆ ನೊರೆ ನಿಲ್ಲುವುದಿಲ್ಲ. ಇನ್ನು ದಪ್ಪ. 5ಡಬ್ಲ್ಯು-30 ಎಂದರೆ ಚಳಿಯಲ್ಲೂ ಬೇಗ ಹರಿಯುವ, ಬಿಸಿಯಲ್ಲಿ 30ರಷ್ಟು ದಪ್ಪ ಉಳಿಸಿಕೊಳ್ಳುವ ಆಯಿಲ್. ಡಬ್ಲ್ಯು ಚಳಿಗಾಲದ ಅಕ್ಷರ. 'ನಮ್ಮೂರ ಸೆಕೆಗೆ ದಪ್ಪದ್ದೇ ಒಳ್ಳೆಯದು' ಎಂಬ ಸಲಹೆಗಿಂತ ಕಾರಿನ ಕೈಪಿಡಿ ನಂಬಿಗಸ್ತ. ಬಿಲ್ಲಿನಲ್ಲಿ ಯಾವ ಸಂಖ್ಯೆ, ಎಷ್ಟು ಲೀಟರು ಎಂದು ಬರೆಸಿಕೊಳ್ಳಬೇಕು.

ಬೆಳ್ಮಣ್ಣು, ಪಡುಬಿದ್ರಿಯಾಗಿ ಕಾಪುವಿಗೆ ಬಂದರೆ ಸದ್ದು ಮಾಯವಾದಂತೆ ಅನಿಸುತ್ತದೆ. ಹೆದ್ದಾರಿಯ ಗಾಳಿ, ಆಮೇಲೆ ಕಡಲಿನ ಮೊರೆತ; 1901ರ ದೀಪಸ್ತಂಭದ ಬುಡದ ಬಂಡೆಗೆ ತೆರೆ ಅಪ್ಪಳಿಸುವಲ್ಲಿ ಯಾವ ಎಂಜಿನಿನ ದೂರೂ ಕೇಳಿಸದು. ಇಲ್ಲಿ ಕಿವಿಯನ್ನು ನಂಬಬಾರದು, ಕಣ್ಣನ್ನು ನಂಬಬೇಕು. ದೀಪಸ್ತಂಭ ನೋಡಿ ಬಂದವರು ಹೊರಡುವ ಮುನ್ನ ಬಗ್ಗಿ ಕಾರಿನ ಅಡಿ ನೋಡಲಿ. ತಳದ ಬೋಲ್ಟು ಅಥವಾ ಫಿಲ್ಟರ್ ಸರಿಯಾಗಿ ಬಿಗಿಯದಿದ್ದರೆ ನೆಲದ ಮೇಲೆ ಎಣ್ಣೆಯ ಬೊಟ್ಟು ಬಿದ್ದಿರುತ್ತದೆ.